ಜಪಾನಿನಲ್ಲಿ ಖಾತೆ ತೆರೆಯಲು ಎಂಯುಎಫ್‌ಜಿಯೇ ಬೇಕಾ?

ಎಂಯುಎಫ್‌ಜಿ (ಮಿತ್ಸುಬಿಷಿ ಯುಎಫ್‌ಜೆ ಫೈನಾನ್ಷಿಯಲ್ ಗ್ರೂಪ್) ಜಪಾನಿನ ಅಷ್ಟು ದೊಡ್ಡ ಬ್ಯಾಂಕ್ ಗುಂಪು, ಅಲ್ಲೇ ಖಾತೆ ತೆರೆದರೆ ದುಡ್ಡು ಭದ್ರ ಅಲ್ವಾ ಅಂತ ಕೇಳಿದ್ದೀರಿ. ಕೆಲಸಕ್ಕೆಂದು ಟೋಕಿಯೊಗೆ ಹೊರಟಾಗ ನನ್ನ ತಲೆಯಲ್ಲೂ ಇದೇ ಇತ್ತು. ದೊಡ್ಡ ಬ್ಯಾಂಕೇ ಹುಡುಕಿ ಖಾತೆ ಮಾಡಿಸಿದೆ. ಯಾವುದು ಅಂತ ಹೇಳುವುದಿಲ್ಲ, ಎಡವಿದ್ದು ನಾನು.

ಮೊದಲು ನಿಶಿಕಸಾಯಿಯಲ್ಲಿದ್ದೆ, ಭಾರತದವರು ಜಾಸ್ತಿ ಇರುವ ಜಾಗ. ಆಮೇಲೆ ಕವಾಸಾಕಿಗೆ ಮನೆ ಬದಲಿಸಿದೆ. ವಾರ್ಡ್ ಆಫೀಸಿಗೆ ಹೋಗಿ ರೆಸಿಡೆನ್ಸ್ ಕಾರ್ಡಿನ (ಅಲ್ಲಿ ವಾಸಿಸುವ ವಿದೇಶಿಯರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಹಿಂಬದಿಗೆ ಹೊಸ ವಿಳಾಸ ಹಾಕಿಸಿದೆ. ಹಳೇ ಮನೆಗೆ ಬರುವ ಪತ್ರಗಳನ್ನು ಹೊಸ ಮನೆಗೆ ಕಳಿಸಿ ಅಂತ ಪೋಸ್ಟ್ ಆಫೀಸಿನಲ್ಲೂ ಬರೆದುಕೊಟ್ಟೆ. ಬ್ಯಾಂಕಿಗೆ ಮಾತ್ರ ಹೇಳಲಿಲ್ಲ. ಸರ್ಕಾರಕ್ಕೆ ಗೊತ್ತಾದ ಮೇಲೆ ಬ್ಯಾಂಕಿಗೂ ಗೊತ್ತಾಗುತ್ತದೆ ಅಂದುಕೊಂಡಿದ್ದೆ. ಹಾಗೆ ಆಗುವುದಿಲ್ಲ. ಪೋಸ್ಟ್‌ನವರಿಗೆ ಹೇಳಿದ್ದೇನಲ್ಲ ಅನ್ನುವ ಧೈರ್ಯವೂ ಸುಳ್ಳು. ಅಲ್ಲಿ ಬ್ಯಾಂಕುಗಳು ಕೆಲವು ಲಕೋಟೆಗಳ ಮೇಲೆ ಬೇರೆ ವಿಳಾಸಕ್ಕೆ ಕಳಿಸಬೇಡಿ ಅಂತ ಗುರುತು ಹಾಕಿರುತ್ತವೆ. ಅಂಥವು ಹೊಸ ಮನೆಗೆ ಬರುವುದೇ ಇಲ್ಲ, ಸೀದಾ ಬ್ಯಾಂಕಿಗೆ ವಾಪಸ್. ರೆಸಿಡೆನ್ಸ್ ಕಾರ್ಡಿನ ಅವಧಿ ಮುಗಿಯುತ್ತಿದೆ, ಹೊಸದು ತೋರಿಸಿ ಅನ್ನುವ ಪತ್ರ ಹಾಗೇ ವಾಪಸ್ ಹೋಗಿತ್ತು. ವೀಸಾ ಆಗಲೇ ರಿನ್ಯೂ ಆಗಿ ಹೊಸ ಕಾರ್ಡ್ ನನ್ನ ಜೇಬಿನಲ್ಲೇ ಇತ್ತು! ಅದನ್ನು ತೋರಿಸಿಲ್ಲ ಅಂತ ಬ್ಯಾಂಕಿನವರು ಖಾತೆ ತಡೆಹಿಡಿದಿದ್ದರು. ಸಂಬಳ ಖಾತೆಗೆ ಬಂತು, ಎಟಿಎಂನಿಂದ ಒಂದು ಯೆನ್ನೂ ಹೊರಬರಲಿಲ್ಲ. ಬಾಡಿಗೆ ಕಟ್ ಆಗಲಿಲ್ಲ. ಬಾಡಿಗೆಗೆ ಜಾಮೀನು ನಿಂತ ಕಂಪನಿಯವರು ಫೋನ್ ಮೇಲೆ ಫೋನ್, ಕೊನೆಗೆ ದಂಡ. ಸಹೋದ್ಯೋಗಿಯ ಹತ್ತಿರ ಕೈಸಾಲ ಮಾಡಿ ತಿಂಗಳು ತಳ್ಳಿದೆ.

ಇನ್ನು ಭದ್ರತೆ. ಎಂಯುಎಫ್‌ಜಿ 2005ರಲ್ಲಿ ಎರಡು ದೊಡ್ಡ ಗುಂಪುಗಳು ಸೇರಿ ಆಗಿದ್ದು. ಬ್ಯಾಂಕ್, ಟ್ರಸ್ಟ್ ಬ್ಯಾಂಕ್, ಷೇರು ವ್ಯವಹಾರ, ಕ್ರೆಡಿಟ್ ಕಾರ್ಡ್ ಎಲ್ಲ ಅದರಡಿ ಇವೆ. ಅಮೆರಿಕದ ಹೂಡಿಕೆ ಬ್ಯಾಂಕ್ ಮಾರ್ಗನ್ ಸ್ಟಾನ್ಲಿಯಲ್ಲೂ ಶೇ. 20ಕ್ಕಿಂತ ಜಾಸ್ತಿ ಪಾಲಿದೆ. ಸಂಬಳ ಹಾಕಿಸಿಕೊಂಡು ಬಾಡಿಗೆ ಕಟ್ಟುವ ನಿಮಗೆ ಇದರಿಂದ ಏನಾಗಬೇಕು? ಬ್ಯಾಂಕ್ ಮುಳುಗಿದರೆ ದುಡ್ಡು ಕಾಯುವ ಠೇವಣಿ ವಿಮೆ ಅಲ್ಲಿನ ಸಣ್ಣ ಬ್ಯಾಂಕಿಗೂ ಅಷ್ಟೇ: ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 1 ಕೋಟಿ ಯೆನ್ ಅಸಲು, ಜೊತೆಗೆ ಅದರ ಬಡ್ಡಿ.

ಬಂದು ಆರು ತಿಂಗಳಾಗದಿದ್ದರೆ ಖಾತೆ ತೆರೆಯುವಾಗ ತಕರಾರು ತೆಗೆಯಬಹುದು. ಅಲ್ಲಿ ಕೆಲಸಕ್ಕಿರುವವರಿಗೆ ಕಾನೂನಿನಲ್ಲಿ ಆ ಅಡ್ಡಿಯಿಲ್ಲ, ಕಂಪನಿಯ ಐಡಿ ಕಾರ್ಡ್ ಇಟ್ಟುಕೊಂಡು ಹೋಗಿ. ಎಂಯುಎಫ್‌ಜಿಯೇ ಬೇಕು ಅಂದರೆ ಮಾಡಿಸಿ, ಬೇಡ ಅನ್ನುವುದಿಲ್ಲ. ನಾನಾದರೆ ಆಫೀಸಿನ ಪಕ್ಕದಲ್ಲಿ ಯಾವ ಬ್ಯಾಂಕಿನ ಶಾಖೆ ಇದೆಯೋ ಅದನ್ನೇ ಹಿಡಿಯುತ್ತೇನೆ. ಅಲ್ಲಿ ಹೆಚ್ಚಿನ ಶಾಖೆಗಳ ಕೌಂಟರ್ ಮಧ್ಯಾಹ್ನ 3ಕ್ಕೇ ಮುಚ್ಚುತ್ತದೆ.