ಮನೆಗೂ ಸಾಲಕ್ಕೂ ಹೆಂಡತಿಯ ಹೆಸರು

ಪ್ರಶ್ನೆ: ಮದುವೆಗೆ ಮುಂಚೆ ಸಾಲ ಮಾಡಿ ಮನೆ ಕೊಂಡೆ. ಈಗ ಹೆಂಡತಿಯ ಹೆಸರನ್ನು ಮನೆಗೂ ಸಾಲಕ್ಕೂ ಸೇರಿಸುವುದು ಹೇಗೆ?

ಉತ್ತರ: ಇವು ಎರಡು ಬೇರೆ ಬೇರೆ ಕೆಲಸ. ಸಾಲಕ್ಕಷ್ಟೇ ಹೆಸರು ಸೇರಿಸಿದರೆ ಅವರಿಗೆ ಪಾಲು ಸಿಗುವುದಿಲ್ಲ, ಕಂತಿನ ಹೊಣೆ ಮಾತ್ರ ಹೆಗಲಿಗೇರುತ್ತದೆ. ಅದು ನ್ಯಾಯವಲ್ಲ, ಹಾಗೆ ಮಾಡಬೇಡಿ.

ಮನೆ ಅಡಮಾನದಲ್ಲಿರುವುದರಿಂದ ಮೊದಲು ಬ್ಯಾಂಕಿನ ಲಿಖಿತ ಒಪ್ಪಿಗೆ ಪಡೆಯಿರಿ. ಒಪ್ಪಿಗೆಯಿಲ್ಲದೆ ಪಾಲು ವರ್ಗಾಯಿಸಿದರೆ ಸಾಲದ ಕರಾರು ಮುರಿದಂತಾಗಿ, ಪೂರ್ತಿ ಬಾಕಿಯನ್ನು ಒಮ್ಮೆಗೇ ಕೇಳಬಹುದು. ಆಮೇಲೆ ವರ್ಗಾವಣೆ ಪತ್ರ ಬರೆಸಿ ನೋಂದಣಿ ಮಾಡಿಸಿ. ಪಾಲಿನ ಪ್ರಮಾಣ ಅದರಲ್ಲಿ ಸ್ಪಷ್ಟವಾಗಿರಲಿ. ಒಬ್ಬರು ತೀರಿಕೊಂಡರೆ ಆ ಪಾಲು ಯಾರಿಗೆ ಎಂಬುದನ್ನೂ ವಕೀಲರಲ್ಲಿ ಕೇಳಿಯೇ ಬರೆಸಿ.

ಸಾಲಕ್ಕೆ ಸೇರಿಸುವಾಗ ಅವರ ಆದಾಯ, ಹಳೆಯ ಸಾಲಗಳನ್ನು ಬ್ಯಾಂಕ್ ತೂಗಿ ನೋಡುತ್ತದೆ. ಸಹಿ ಹಾಕಿದ ಮೇಲೆ ಇಬ್ಬರಲ್ಲಿ ಪ್ರತಿಯೊಬ್ಬರೂ ಪೂರ್ತಿ ಸಾಲಕ್ಕೆ ಹೊಣೆ, ಅರ್ಧಕ್ಕಲ್ಲ.