ರೇಡಿಯಾಲಜಿ ಎಲೆಕ್ಟಿವ್: ರಿಪೋರ್ಟ್ ನೋಡುವ ಮೊದಲು ನೀವೇ ಬರೆಯಿರಿ

ಪ್ರಶ್ನೆ: ನಾನು ಎಂಬಿಬಿಎಸ್ ವಿದ್ಯಾರ್ಥಿನಿ. ಎಲೆಕ್ಟಿವ್‌ನ (ವಿಷಯವನ್ನು ನಾವೇ ಆರಿಸಿಕೊಳ್ಳುವ ತರಬೇತಿ) 15 ದಿನದ ಕ್ಲಿನಿಕಲ್ ಅವಧಿಗೆ ರೇಡಿಯಾಲಜಿ, ಅಂದರೆ ಎಕ್ಸ್‌ರೇ, ಸ್ಕ್ಯಾನ್‌ಗಳ ವಿಭಾಗ, ಆರಿಸಿಕೊಂಡಿದ್ದೇನೆ. ‘ಮೂಲೆಯಲ್ಲಿ ಕೂತು ಸ್ಕ್ರೀನ್ ನೋಡಿ ಬರ್ತೀಯ ಅಷ್ಟೇ’ ಅನ್ನುತ್ತಾರೆ ಸೀನಿಯರ್‌ಗಳು. ಇಷ್ಟು ದಿನದಲ್ಲಿ ಏನು ಕಲಿಯಬಹುದು? ವಿಕಿರಣದ ಭಯ ಇದೆಯೇ? ಅಲ್ಟ್ರಾಸೌಂಡ್ ಮಾಡಲು ಬಿಡುತ್ತಾರೆಯೇ?

ಉತ್ತರ: ಸುಮ್ಮನೆ ಹಿಂದೆ ಕೂತರೆ ಸೀನಿಯರ್‌ಗಳು ಹೇಳಿದ್ದೇ ಆಗುತ್ತದೆ. ಪಿಜಿ (ಸ್ನಾತಕೋತ್ತರ ವಿದ್ಯಾರ್ಥಿ) ಬೆರಳಿಟ್ಟು ತೋರಿಸಿದ ಮೇಲೆ ನ್ಯುಮೋನಿಯಾ ಎಲ್ಲರಿಗೂ ಕಾಣುತ್ತದೆ. ಕಣ್ಣು ಪಳಗುವುದು ನೀವೇ ಹುಡುಕಿದಾಗ. ಇನ್ನೂ ರಿಪೋರ್ಟ್ ಆಗದ ಹತ್ತು ಎದೆಯ ಎಕ್ಸ್‌ರೇಗಳನ್ನು ದಿನವೂ ಕೇಳಿ ಪಡೆಯಿರಿ. ಒಂದೊಂದಕ್ಕೂ ನಿಮಗೆ ಕಂಡದ್ದನ್ನು ಎರಡು ಸಾಲು ಬರೆದಿಟ್ಟು, ಆಮೇಲೆ ಅಂತಿಮ ರಿಪೋರ್ಟ್ ಜೊತೆ ತಾಳೆ ನೋಡಿ. ಬಿಟ್ಟುಹೋದದ್ದನ್ನು ಕೆಂಪು ಶಾಯಿಯಲ್ಲಿ ಬರೆಯಿರಿ. ನಿಮ್ಮ ಕಣ್ಣು ಪದೇಪದೇ ಎಲ್ಲಿ ಜಾರುತ್ತಿದೆ ಎಂಬುದು ಕೆಲವೇ ದಿನಗಳಲ್ಲಿ ಗೊತ್ತಾಗುತ್ತದೆ.

ರೋಗ ಹುಡುಕುವ ಮೊದಲು ಚಿತ್ರ ಸರಿಯಿದೆಯೇ ನೋಡಿ. ಎರಡೂ ಕ್ಲಾವಿಕಲ್‌ಗಳ (ಕೊರಳೆಲುಬು) ಒಳತುದಿಗಳು ಸ್ಪೈನಸ್ ಪ್ರೊಸೆಸ್‌ನಿಂದ (ಬೆನ್ನುಮೂಳೆಯ ಹಿಂಚಾಚು) ಸಮದೂರದಲ್ಲಿದ್ದರೆ ರೋಗಿ ವಾಲಿ ನಿಂತಿಲ್ಲ. ಡಯಾಫ್ರಮ್‌ನ (ಎದೆ–ಹೊಟ್ಟೆ ನಡುವಿನ ಸ್ನಾಯುಪರದೆ) ಮೇಲೆ ಮುಂಭಾಗದ ಆರು ಪಕ್ಕೆಲುಬು ಎಣಿಸಲು ಸಿಗದಿದ್ದರೆ ಉಸಿರು ಪೂರ್ತಿ ಎಳೆದಿಲ್ಲ; ಆಗ ಶ್ವಾಸಕೋಶದ ಬುಡದಲ್ಲಿ ಒತ್ತೊತ್ತಾದ ರಕ್ತನಾಳಗಳೇ ನ್ಯುಮೋನಿಯಾದಂತೆ ತೋರುತ್ತವೆ. ಹೃದಯದ ಅಗಲ ಎದೆಯ ಅಗಲದ ಶೇ 50 ಮೀರಿದರೆ ಹಿಗ್ಗಿದೆ ಎನ್ನುವ ಲೆಕ್ಕ ಪಿಎ ಚಿತ್ರಕ್ಕೆ (ಕಿರಣ ಬೆನ್ನಿನಿಂದ ಎದೆಯ ಕಡೆಗೆ) ಮಾತ್ರ. ಐಸಿಯುನಲ್ಲಿ ಹಾಸಿಗೆಯ ಮೇಲೆ ತೆಗೆದ ಎಪಿ ಚಿತ್ರದಲ್ಲಿ (ಕಿರಣ ಎದೆಯಿಂದ ಬೆನ್ನಿನ ಕಡೆಗೆ) ಹೃದಯ ಡಿಟೆಕ್ಟರ್‌ನಿಂದ ದೂರವಿರುತ್ತದೆ, ಹಾಗಾಗಿ ದೊಡ್ಡದಾಗಿಯೇ ಕಾಣುತ್ತದೆ.

ಎಲ್ಲ ನೋಡಿಯಾದ ಮೇಲೆ ನಾಲ್ಕು ಜಾಗಗಳಿಗೆ ಮತ್ತೆ ಬನ್ನಿ. ಶ್ವಾಸಕೋಶದ ತುದಿಯಲ್ಲಿ, ಕ್ಲಾವಿಕಲ್ ಮತ್ತು ಮೊದಲ ಪಕ್ಕೆಲುಬಿನ ಮರೆಯಲ್ಲಿ ಕ್ಷಯ ಅಡಗಿರಬಹುದು. ಹೃದಯದ ಹಿಂದೆ ಎಡ ಕೆಳಹಾಲೆ ಕುಸಿದಿರಬಹುದು. ನಿಲ್ಲಿಸಿ ತೆಗೆದ ಚಿತ್ರದಲ್ಲಿ ಬಲ ಡಯಾಫ್ರಮ್‌ನ ಕೆಳಗೆ ತೆಳುವಾದ ಕಪ್ಪು ಗೆರೆ (ಹೊರಬಂದ ಗಾಳಿ) ಕಂಡರೆ ಕರುಳು ತೂತಾಗಿರಬಹುದು, ತಕ್ಷಣ ಹೇಳಿ. ನಾಲ್ಕನೆಯದು ಹೈಲಮ್, ಅಂದರೆ ಶ್ವಾಸನಾಳ, ರಕ್ತನಾಳಗಳು ಶ್ವಾಸಕೋಶದೊಳಗೆ ಹೋಗುವ ಜಾಗ. ಒಂದು ದೋಷ ಸಿಕ್ಕ ಕೂಡಲೇ ಹುಡುಕಾಟ ನಿಲ್ಲಿಸಬೇಡಿ: ಪ್ಲೂರಾದಲ್ಲಿ (ಶ್ವಾಸಕೋಶದ ಹೊರಪೊರೆ) ನೀರು ಕಂಡಿತೆಂದು ಬಿಟ್ಟವರಿಗೆ ಅಲ್ಲೇ ಪಕ್ಕದ ಪಕ್ಕೆಲುಬಿನ ಮುರಿತ ಕಾಣುವುದಿಲ್ಲ.

ಸಿಟಿಯಲ್ಲಿ ವಿಂಡೋ (ತೆರೆಯ ಮೇಲೆ ತೋರಿಸುವ ಸಾಂದ್ರತೆಯ ವ್ಯಾಪ್ತಿ) ಬದಲಿಸುವುದೊಂದನ್ನು ಚೆನ್ನಾಗಿ ಕಲಿತರೆ ಸಾಕು. ಸಾಂದ್ರತೆ ಸೂಚಿಸುವ ಹೌನ್ಸ್‌ಫೀಲ್ಡ್ ಅಳತೆಯಲ್ಲಿ ನೀರು 0, ಗಾಳಿ –1000, ಕೊಬ್ಬು ಸುಮಾರು –100, ಹೊಸದಾಗಿ ಹೆಪ್ಪುಗಟ್ಟಿದ ರಕ್ತ 50ರಿಂದ 80. ತಲೆಯ ಸಿಟಿಯನ್ನು ವಿಂಡೋದ ಅಗಲ 80, ಮಟ್ಟ (ಅದರ ನಡುಬಿಂದು) 40ರಲ್ಲಷ್ಟೇ ನೋಡಿದರೆ ಬುರುಡೆಗೆ ಅಂಟಿದ ತೆಳು ಸಬ್‌ಡ್ಯೂರಲ್ (ಮೆದುಳಿನ ಹೊರಪೊರೆಯ ಕೆಳಗಿನ) ರಕ್ತ ಮೂಳೆಯ ಬಿಳುಪಿನಲ್ಲಿ ಸೇರಿಹೋಗುತ್ತದೆ. ಅಗಲವನ್ನು 200ರ ಆಸುಪಾಸಿಗೆ ಹಿಗ್ಗಿಸಿ, ಎರಡೂ ಬೇರೆಯಾಗುತ್ತವೆ.

ವಿಕಿರಣದ ವಿಷಯ: ಕನ್ಸೋಲ್ ಕೋಣೆಯಲ್ಲಿ ಸೀಸದ ಗಾಜಿನ ಹಿಂದೆ ಇರುವಾಗ ಭಯ ಬೇಡ. ಫ್ಲೋರೋಸ್ಕೋಪಿ (ಚಲಿಸುವ ಎಕ್ಸ್‌ರೇ) ಕೋಣೆಗೆ ಸೀಸದ ಏಪ್ರನ್, ಥೈರಾಯ್ಡ್ ಶೀಲ್ಡ್ ಇಲ್ಲದೆ ಕಾಲಿಡಬೇಡಿ. ಅಲ್ಲಿ ನಿಮಗೆ ತಗಲುವುದು ಮುಖ್ಯವಾಗಿ ರೋಗಿಯ ದೇಹದಿಂದ ಚದುರುವ ವಿಕಿರಣ. ದೂರ ಎರಡರಷ್ಟಾದರೆ ಅದು ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಏಪ್ರನ್ ಮಡಚಿಟ್ಟರೆ ಒಳಗಿನ ಪದರ ಬಿರುಕು ಬಿಡುತ್ತದೆ, ತೂಗುಹಾಕಿ. ನಾನು ಹೆಚ್ಚು ಎಚ್ಚರಿಸುವುದು ಎಂಆರ್‌ಐ ಬಗ್ಗೆ. ಅಲ್ಲಿ ಎಕ್ಸ್‌ರೇ ಇಲ್ಲ, ಆದರೆ ಸ್ಕ್ಯಾನ್ ನಡೆಯದಿರುವಾಗಲೂ ಅಯಸ್ಕಾಂತ ಚಾಲೂ ಇರುತ್ತದೆ. 2018ರಲ್ಲಿ ಮುಂಬೈನಲ್ಲಿ ಆಮ್ಲಜನಕದ ಸಿಲಿಂಡರ್ ಹಿಡಿದು ಒಳಹೋದ ರೋಗಿಯ ಸಂಬಂಧಿಯೊಬ್ಬರು ಪ್ರಾಣ ಕಳೆದುಕೊಂಡರು. ಸ್ಟೆತಸ್ಕೋಪ್, ಕತ್ತರಿ, ಹೇರ್‌ಪಿನ್, ಮೊಬೈಲ್ ಎಲ್ಲವನ್ನೂ ಹೊರಗಿಟ್ಟು, ಟೆಕ್ನೀಷಿಯನ್ ಒಪ್ಪಿದ ಮೇಲಷ್ಟೇ ಹೋಗಿ.

ಗರ್ಭಿಣಿಯರ ಅಲ್ಟ್ರಾಸೌಂಡ್‌ನಲ್ಲಿ ನೀವು ನೋಡುಗರು ಮಾತ್ರ. 1994ರ ಪಿಸಿಪಿಎನ್‌ಡಿಟಿ (ಭ್ರೂಣಲಿಂಗ ಪತ್ತೆ ತಡೆ) ಕಾಯ್ದೆಯಡಿ ನೋಂದಾಯಿತ ಅರ್ಹ ವೈದ್ಯರೇ ಅದನ್ನು ಮಾಡಬೇಕು. ಈ ಕಾಯ್ದೆಯ ದಾಖಲೆ ಪತ್ರವಾದ ಫಾರ್ಮ್ ಎಫ್ ತುಂಬುವ ಕ್ರಮವನ್ನು ಕೂತು ಗಮನಿಸಿ. ಭ್ರೂಣದ ಲಿಂಗವನ್ನು ಮಾತಿನಿಂದಾಗಲಿ ಸನ್ನೆಯಿಂದಾಗಲಿ ತಿಳಿಸುವುದು ಅಪರಾಧ. ಬೇರೆ ರೋಗಿಗಳಲ್ಲೂ ಮೇಲ್ವಿಚಾರಕರಿಲ್ಲದೆ ಪ್ರೋಬ್ ಮುಟ್ಟಬೇಡಿ. ನೋಡಿಯೇ ಕಲಿಯುವುದು ಬಹಳಷ್ಟಿದೆ: ಪಿತ್ತಕೋಶದ ಕಲ್ಲು ಬಿಳಿಯಾಗಿ ಹೊಳೆದು ಕೆಳಗೆ ಕಪ್ಪು ನೆರಳು ಚೆಲ್ಲುತ್ತದೆ, ರೋಗಿ ಮಗ್ಗುಲು ಬದಲಿಸಿದರೆ ಉರುಳುತ್ತದೆ, ಪಾಲಿಪ್ (ಗೋಡೆಗಂಟಿದ ಗಂಟು) ಜಾಗ ಬಿಡುವುದಿಲ್ಲ.

ಎಲೆಕ್ಟಿವ್‌ನ ಹಾಜರಿ ಶೇ 75 ಆಗದಿದ್ದರೆ, ಲಾಗ್‌ಬುಕ್ (ಕಲಿಕೆಯ ದಾಖಲೆ ಪುಸ್ತಕ) ಕೊಡದಿದ್ದರೆ ಅಂತಿಮ ಪರೀಕ್ಷೆಗೆ ತೊಡಕಾಗುತ್ತದೆ. ಅಂದಿನ ಸಹಿ ಅಂದೇ ಮಾಡಿಸಿಕೊಳ್ಳಿ. ಅದರಲ್ಲಿ ರೋಗಿಯ ಹೆಸರಾಗಲಿ ಆಸ್ಪತ್ರೆ ಸಂಖ್ಯೆಯಾಗಲಿ ಬೇಡ. ವಯಸ್ಸು, ದೂರು, ನೀವು ಕಂಡದ್ದು, ರಿಪೋರ್ಟ್ ಹೇಳಿದ್ದು, ಇಷ್ಟು ಬರೆಯಿರಿ.