ಕಾರ್ಬನ್ ಕ್ಯಾಪ್ಚರ್ (ಹೊಗೆಯಿಂದ ಇಂಗಾಲದ ಡೈಆಕ್ಸೈಡ್ ಹಿಡಿಯುವ ಘಟಕ) ಜೋಡಿಸಿದ ಕಲ್ಲಿದ್ದಲು ವಿದ್ಯುತ್ ಯೂನಿಟ್ಟನ್ನು ಸೋಲಾರ್‌ಗೆ ತಕ್ಕಂತೆ ಏರಿಳಿಸಲು ಆಗುತ್ತದೆಯೇ?

ಆಗುತ್ತದೆ. ಸಂಜೆ ಲೋಡ್ ಏರಿಸುವಾಗ ಕ್ಯಾಪ್ಚರ್ ಘಟಕ ನೆರವಿಗೇ ಬರುತ್ತದೆ. ತೊಂದರೆ ಕೊಡುವುದು ಹಗಲಿನ ಇಳಿಕೆ.

ಬಳ್ಳಾರಿಯಲ್ಲಿರುವಂಥ 500 ಮೆಗಾವ್ಯಾಟ್ ಯೂನಿಟ್ ಎಂದುಕೊಳ್ಳಿ (ಅಲ್ಲಿ ಕ್ಯಾಪ್ಚರ್ ಇಲ್ಲ, ಗಾತ್ರ ತಿಳಿಯಲೆಂದು ಹೇಳಿದೆ). ಪೂರ್ಣ ಲೋಡ್‌ನಲ್ಲಿ ಗಂಟೆಗೆ ಸುಮಾರು 450 ಟನ್ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಅದರಲ್ಲಿ 400 ಟನ್ ಹಿಡಿಯಬೇಕೆಂದರೆ, ಅನಿಲ ಹೀರಿಕೊಳ್ಳುವ 30% ಅಮೀನ್ ದ್ರಾವಣವನ್ನು ಸ್ಟ್ರಿಪ್ಪರ್‌ನಲ್ಲಿ (ಹೀರಿದ ಅನಿಲವನ್ನು ಬಿಡಿಸುವ ಗೋಪುರ) 120 ಡಿಗ್ರಿಗೆ ಕಾಯಿಸಲು ಟನ್ನಿಗೆ 3.5ರಿಂದ 4 ಗಿಗಾಜೂಲ್ ಶಾಖ ಬೇಕು. ಅಂದರೆ ಗಂಟೆಗೆ 650 ಟನ್ ಆಸುಪಾಸು ಹಬೆ. ಇದನ್ನು ಮಧ್ಯಮ ಒತ್ತಡದ (ಐಪಿ), ಕಡಿಮೆ ಒತ್ತಡದ (ಎಲ್‌ಪಿ) ಟರ್ಬೈನ್‌ಗಳ ನಡುವಿನ ಕೊಳವೆಯಿಂದ ತೆಗೆಯುತ್ತಾರೆ. ಸುಮಾರು 100 ಮೆಗಾವ್ಯಾಟ್ ಅಲ್ಲೇ ಹೋಗುತ್ತದೆ.

ಸಂಜೆ ಬೇಡಿಕೆ ಏರಿದಾಗ ಈ ಹಬೆಯ ವಾಲ್ವ್ ಮುಚ್ಚಿದರೆ, ಬಾಯ್ಲರ್ ಮುಟ್ಟದೆಯೇ ಆ 100 ಮೆಗಾವ್ಯಾಟ್‌ನ ಬಹುಪಾಲು ಕೆಲವೇ ನಿಮಿಷಗಳಲ್ಲಿ ಸಿಗುತ್ತದೆ. ಆದರೆ ಎಲ್‌ಪಿ ಸಿಲಿಂಡರ್, ಕಂಡೆನ್ಸರ್, ಜನರೇಟರ್ ಮೂರೂ ಪೂರ್ತಿ ಹಬೆಗೆ ತಕ್ಕ ಗಾತ್ರದವಾಗಿರಬೇಕು. ಆ ಹೊತ್ತಿನಲ್ಲೂ ಅನಿಲ ಹಿಡಿಯುತ್ತಲೇ ಇರಬೇಕೆಂದರೆ ಅನಿಲ ಹೀರಿದ ದ್ರಾವಣವನ್ನು ಟ್ಯಾಂಕಿನಲ್ಲಿ ಕೂಡಿಡಬೇಕು. ಟನ್ ಅನಿಲಕ್ಕೆ ಸುಮಾರು 17 ಘನ ಮೀಟರ್ ದ್ರಾವಣ. ಎರಡು ಗಂಟೆಗೆ 14,000 ಘನ ಮೀಟರ್ ಆಯಿತು. ಅಷ್ಟೇ ಶುದ್ಧ (ಅನಿಲ ಬಿಡಿಸಿದ) ದ್ರಾವಣವೂ ಮೊದಲೇ ಸಿದ್ಧವಿರಬೇಕು. ದುಬಾರಿಯೇ.

ಕೂಡಿಟ್ಟದ್ದನ್ನು ಹಗಲು, ವಿದ್ಯುತ್ ಅಗ್ಗವಿರುವಾಗ ಕಾಯಿಸಿದರಾಯಿತಲ್ಲ ಎನ್ನಬಹುದು. ಕಾಗದದ ಮೇಲೆ ಸರಿ. ಆದರೆ 55% ಲೋಡ್‌ಗೆ ಇಳಿದಾಗ ಆ ಕೊಳವೆಯ ಒತ್ತಡವೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಇಳಿಯುತ್ತದೆ, ಹಬೆ ಎಳೆದಷ್ಟೂ ಇನ್ನೂ ಬೀಳುತ್ತದೆ. ಸ್ಟ್ರಿಪ್ಪರ್‌ನ ದ್ರಾವಣ ಕಾಯಿಸುವ ರೀಬಾಯ್ಲರ್‌ಗೋ ಸುಮಾರು 3 ಬಾರ್ ಬೇಕೇಬೇಕು. ಎಲ್‌ಪಿ ಬಾಗಿಲಲ್ಲಿ ಥ್ರಾಟಲ್ ವಾಲ್ವ್ ಇಟ್ಟು ಒತ್ತಡ ಹಿಡಿಯಬಹುದು, ಅದರಿಂದ ದಕ್ಷತೆ ಕುಗ್ಗುತ್ತದೆ. ಅತಿಯಾಗಿ ಬಿಗಿದರೆ ಎಲ್‌ಪಿ ಕೊನೆಯ ಸಾಲಿನ ಬ್ಲೇಡುಗಳು ಹಬೆ ಸಾಲದೆ ಬಿಸಿಯೇರುತ್ತವೆ.

ಹಿಡಿದ ಅನಿಲವನ್ನು ಒತ್ತುವ ಕಂಪ್ರೆಸರ್‌ನದು ಬೇರೆಯೇ ಹಠ. ಹರಿವು ಸುಮಾರು 70%ಕ್ಕಿಂತ ಕೆಳಗಿಳಿದರೆ ಸರ್ಜ್ (ಅನಿಲ ಹಿಮ್ಮುಖವಾಗಿ ನುಗ್ಗಿ ಕಂಪ್ರೆಸರ್ ಅದುರುವುದು) ತಪ್ಪಿಸಲು ಅನಿಲವನ್ನು ಮರುಸುತ್ತಿಗೆ ಬಿಡಬೇಕು, ಆ ವಿದ್ಯುತ್ ದಂಡ. ಒಂದು ದೊಡ್ಡದರ ಬದಲು ಅರ್ಧ ಸಾಮರ್ಥ್ಯದ ಎರಡನ್ನು ಹಾಕುವುದೇ ನನ್ನ ಸಲಹೆ.

ಇನ್ನೊಂದು, ಹೊಗೆಯ ಹರಿವು ನಿಮಿಷಗಳಲ್ಲಿ ಬದಲಾಗುತ್ತದೆ, ದ್ರಾವಣ ಒಂದು ಸುತ್ತು ಬರಲು ಅರ್ಧ ಗಂಟೆಯಾದರೂ ಬೇಕು. ಹಬೆಯನ್ನು ಅವಸರದಿಂದ ತಗ್ಗಿಸಿದರೆ ಅದರ ಪರಿಣಾಮ ಕಾಣುವುದೇ ಆ ಬಳಿಕ. ಅರ್ಧಂಬರ್ಧ ಶುದ್ಧವಾದ ದ್ರಾವಣ ತಿರುಗಿ ಬಂದು ಕ್ಯಾಪ್ಚರ್ ಪ್ರಮಾಣ ಕುಸಿಯುತ್ತದೆ. ಆಗ ಶಾಖ ಹೆಚ್ಚಿಸಿ ಸರಿದೂಗಿಸಲು ಹೋಗಬೇಡಿ, ಅಮೀನ್ ಕೆಡುತ್ತದೆ. ಯೂನಿಟ್ ಹೊತ್ತಿಸುವಾಗಿನ ಎಣ್ಣೆ ಮಸಿಯೂ ಗಂಧಕದ ಡೈಆಕ್ಸೈಡೂ ಅಬ್ಸಾರ್ಬರ್‌ಗೆ (ದ್ರಾವಣ ಅನಿಲ ಹೀರುವ ಗೋಪುರ) ಹೋಗಬಾರದು.

2014ರಲ್ಲಿ ಕ್ಯಾಪ್ಚರ್ ಶುರುಮಾಡಿದ ಕೆನಡಾದ ಬೌಂಡರಿ ಡ್ಯಾಮ್ 3ನೇ ಯೂನಿಟ್ ತನ್ನದೇ ಟರ್ಬೈನಿನ ಹಬೆ ಬಳಸುತ್ತದೆ. ಮೊದಲ ವರ್ಷಗಳಲ್ಲಿ ಅದನ್ನು ಕಾಡಿದ್ದು ಹಾರುಬೂದಿ ಮತ್ತು ಕೆಡುವ ಅಮೀನ್. ಟೆಕ್ಸಾಸ್‌ನ ಪೆಟ್ರಾ ನೋವಾ ಹಬೆಗೆಂದೇ ಪ್ರತ್ಯೇಕ ಗ್ಯಾಸ್ ಘಟಕ ಕಟ್ಟಿಕೊಂಡಿತು, ಹಾಗಾಗಿ ಅಲ್ಲಿ ಕಲ್ಲಿದ್ದಲು ಟರ್ಬೈನ್ ಮುಟ್ಟುವ ಗೋಜೇ ಬರಲಿಲ್ಲ. ನಮ್ಮ ವಿಂಧ್ಯಾಚಲದ ಎನ್‌ಟಿಪಿಸಿ ಘಟಕ ಹಿಡಿಯುವುದು ದಿನಕ್ಕೆ 20 ಟನ್. ಮೇಲಿನ ಯೂನಿಟ್‌ಗೆ ಅದು ಮೂರು ನಿಮಿಷದ ಕೆಲಸ. ಲೋಡ್ ಏರಿಳಿತದ ಪಾಠಕ್ಕೆ ಅದನ್ನು ನೋಡಿ ಪ್ರಯೋಜನವಿಲ್ಲ.